ಓ ಮತ್ತು ನಾಗಾಶಿಮಾ ಇದ್ದರೆ ಯಾರು ಬೇಕಾದರೂ ಗೆಲ್ಲುತ್ತಿದ್ದರಲ್ಲವೇ?

ಜಪಾನಿನ ಬೇಸ್‌ಬಾಲ್ ಚರಿತ್ರೆಯ ಹುಚ್ಚು ನನಗಿದೆ ಎಂದು ಗೊತ್ತಿರುವವರು ಸುತ್ತಿ ಬಳಸಿ ಕೊನೆಗೆ ಕೇಳುವುದು ಇದನ್ನೇ. ಟೋಕಿಯೊದ ಯೊಮಿಯುರಿ ಜೈಂಟ್ಸ್ ತಂಡ 1965ರಿಂದ 1973ರವರೆಗೆ ಒಂದು ವರ್ಷವೂ ಬಿಡದೆ ದೇಶದ ಚಾಂಪಿಯನ್ ಆಯಿತು. ಆ ತಂಡದಲ್ಲಿ ಸದಾಹಾರು ಓ ಇದ್ದರು, ಶಿಗೆಯೊ ನಾಗಾಶಿಮಾ ಇದ್ದರು, ಹಿಂದೆ ದೊಡ್ಡ ಪತ್ರಿಕೆಯ ದುಡ್ಡಿತ್ತು. ಹಾಗಿದ್ದ ಮೇಲೆ ಗೆಲ್ಲುವುದರಲ್ಲಿ ಹೆಚ್ಚುಗಾರಿಕೆ ಏನು?

ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಅನುಮಾನ ಬರುವುದು ಸಹಜ. ಜಗತ್ತಿನಲ್ಲಿ ಅತಿ ಹೆಚ್ಚು, 868 ಹೋಮ್ ರನ್ (ನಮ್ಮ ಸಿಕ್ಸರಿನಂತೆ ಚೆಂಡನ್ನು ಮೈದಾನದಾಚೆ ಕಳಿಸುವ ಹೊಡೆತ) ಹೊಡೆದ ಎಡಗೈ ಬ್ಯಾಟರ್ ಓ. ಅವರ ಜೊತೆಗೆ ಇಡೀ ಜಪಾನ್ ಮುದ್ದು ಮಾಡಿದ ನಾಗಾಶಿಮಾ. ಆದರೂ ನನ್ನ ಉತ್ತರ ‘ಅಲ್ಲ’ ಎಂದೇ.

ಇಸವಿಗಳನ್ನು ಸ್ವಲ್ಪ ನೋಡಿ. ನಾಗಾಶಿಮಾ ತಂಡಕ್ಕೆ ಬಂದದ್ದು 1958ರಲ್ಲಿ, ಓ 1959ರಲ್ಲಿ. ಅಲ್ಲಿಂದ 1964ರವರೆಗಿನ ಆರು ವರ್ಷ ಇಬ್ಬರೂ ಒಟ್ಟಿಗೆ ಆಡಿದರೂ ಜೈಂಟ್ಸ್ ದೇಶದ ಚಾಂಪಿಯನ್ ಆದದ್ದು 1961 ಮತ್ತು 1963ರಲ್ಲಿ ಮಾತ್ರ. 1962ರಲ್ಲಿ, ದೇಶದ ಎರಡು ಲೀಗ್‌ಗಳಲ್ಲಿ ಒಂದಾದ ಆರು ತಂಡಗಳ ಸೆಂಟ್ರಲ್ ಲೀಗ್‌ನಲ್ಲಿ ಅವರಿಗೆ ಸಿಕ್ಕಿದ್ದು ನಾಲ್ಕನೆಯ ಸ್ಥಾನ. 1964ರಲ್ಲಿ ಓ ಒಂದೇ ಋತುವಿನಲ್ಲಿ 55 ಹೋಮ್ ರನ್ ಹೊಡೆದರು; 2013ರವರೆಗೆ ಆ ದಾಖಲೆಯನ್ನು ಯಾರೂ ದಾಟಲಿಲ್ಲ. ಆ ವರ್ಷ ತಂಡ ಮೂರನೆಯದು. ಇನ್ನೊಂದು ತುದಿಗೆ ಹೋಗಿ: 1974ರಲ್ಲಿ ಬ್ಯಾಟಿಂಗ್ ಸರಾಸರಿ, ಹೋಮ್ ರನ್, ತಂದುಕೊಟ್ಟ ರನ್, ಈ ಮೂರರಲ್ಲೂ ಲೀಗ್‌ಗೆ ಓ ಅವರೇ ಮೊದಲಿಗರು. ತಂಡ ಮಾತ್ರ ಎರಡನೆಯದು. ತಾರೆಯರು ಆ ಒಂಬತ್ತು ವರ್ಷಗಳ ಹಿಂದೆಯೂ ಇದ್ದರು, ಮುಂದೆಯೂ ಇದ್ದರು.

ಹಾಗಾದರೆ ನಡುವೆ ಏನಿತ್ತು? ನನ್ನ ಲೆಕ್ಕದಲ್ಲಿ, ನೋಡುವವರಿಗೆ ಆಕಳಿಕೆ ತರಿಸುವಂಥ ಒಂದು ಕ್ರಮ ಇತ್ತು.

ಅದನ್ನು ತಂದವರು ತೆತ್ಸುಹಾರು ಕಾವಾಕಾಮಿ. ಆಟಗಾರನಾಗಿದ್ದಾಗ ‘ಬ್ಯಾಟಿಂಗ್ ದೇವರು’ ಎಂದೇ ಹೆಸರಾದವರು. 1961ರಲ್ಲಿ ತಂಡವನ್ನು ಆಡಿಸುವ ವ್ಯವಸ್ಥಾಪಕರಾದ ಮೊದಲ ವಸಂತದಲ್ಲೇ ತಂಡವನ್ನು ಅಮೆರಿಕದ ಫ್ಲೋರಿಡಾಕ್ಕೆ, ಡಾಜರ್ಸ್ ತಂಡ ಅಭ್ಯಾಸ ಮಾಡುತ್ತಿದ್ದ ವೆರೊ ಬೀಚ್‌ಗೆ ಕರೆದೊಯ್ದರು. ಡಾಜರ್ಸ್‌ನ ಅಲ್ ಕ್ಯಾಂಪಾನಿಸ್ ಬರೆದಿದ್ದ ತರಬೇತಿ ಕೈಪಿಡಿಯೇ ಅವರಿಗೆ ಪಠ್ಯವಾಯಿತು. ಅದೇ ವರ್ಷ ಶಿಗೆರು ಮಾಕಿನೊ ಎಂಬುವರನ್ನು ತರಬೇತುದಾರರನ್ನಾಗಿ ಕರೆತಂದರು. ಮಾಕಿನೊ ಜೈಂಟ್ಸ್‌ಗೆ ಆಡಿದವರಲ್ಲ, ಚೂನಿಚಿ ತಂಡದವರು. ಪತ್ರಿಕೆಯ ಅಂಕಣದಲ್ಲಿ ಜೈಂಟ್ಸ್ ಆಟದ ಹುಳುಕುಗಳನ್ನು ಬಿಡಿಸಿ ಬರೆಯುತ್ತಿದ್ದವರು. ಬೈದವನನ್ನೇ ಕರೆದು ಕೆಲಸ ಕೊಡುವ ಬುದ್ಧಿ ಎಷ್ಟು ಜನ ಯಜಮಾನರಿಗಿದೆ?

ಮಾಕಿನೊ ಕಲಿಸಿದ್ದು ಎಂಥದ್ದು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಬೇಸ್‌ಬಾಲ್‌ನಲ್ಲಿ ಬ್ಯಾಟರ್ ಮೂರು ಬೇಸ್‌ಗಳನ್ನು ಸುತ್ತಿ ಹೊರಟಲ್ಲಿಗೆ, ಅಂದರೆ ಹೋಮ್‌ಗೆ, ಮರಳಿದರೆ ಒಂದು ರನ್. ಎದುರಾಳಿಯ ಓಟಗಾರ ಮೊದಲನೆಯ ಬೇಸ್‌ನಲ್ಲಿದ್ದಾನೆ. ಅವನನ್ನು ಮುಂದಕ್ಕೆ ದಾಟಿಸಲು ಬ್ಯಾಟರ್ ಬಂಟ್ ಮಾಡುತ್ತಾನೆ, ಅಂದರೆ ಬೀಸದೆ ಚೆಂಡನ್ನು ಬ್ಯಾಟಿಗೆ ತಾಗಿಸಿ ಕಾಲ ಬುಡದಲ್ಲೇ ಬೀಳಿಸುತ್ತಾನೆ. ಸಾಮಾನ್ಯ ತಂಡದಲ್ಲಿ ಚೆಂಡೆಸೆದ ಪಿಚರ್ ಓಡಿಹೋಗಿ ಅದನ್ನು ಎತ್ತಿಕೊಳ್ಳುತ್ತಾನೆ, ಉಳಿದವರು ನೋಡುತ್ತಾರೆ. ಜೈಂಟ್ಸ್ ತಂಡದಲ್ಲಿ ಬ್ಯಾಟು ಅಡ್ಡವಾದ ಕ್ಷಣವೇ ಒಂದು ಮತ್ತು ಮೂರನೆಯ ಬೇಸ್‌ನವರು ಮುಂದಕ್ಕೆ ನುಗ್ಗುತ್ತಾರೆ. ಖಾಲಿಯಾದ ಒಂದನೆಯ ಬೇಸ್‌ಗೆ ಎರಡನೆಯವನು ಬರುತ್ತಾನೆ, ಎರಡನೆಯ ಬೇಸ್‌ಗೆ ಶಾರ್ಟ್‌ಸ್ಟಾಪ್, ಅಂದರೆ ಎರಡು ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವವನು. ಎಸೆತ ಎಲ್ಲಾದರೂ ತಪ್ಪಿದರೆ ತಡೆಯಲು ದೂರದ ಫೀಲ್ಡರುಗಳು ಆ ಬೇಸ್‌ಗಳ ಹಿಂದಕ್ಕೆ ಓಡಿ ಬರುತ್ತಾರೆ. ಒಂದು ಮೆತ್ತನೆಯ ಚೆಂಡಿಗೆ ಒಂಬತ್ತೂ ಜನರಿಗೆ ಕೆಲಸ. ಇದನ್ನು ದಿನವೂ, ಬೇಜಾರಿನ ಗಡಿ ದಾಟುವವರೆಗೆ ಅಭ್ಯಾಸ ಮಾಡಿಸಿದರು. ಇದಕ್ಕೆ ಯಾರೂ ಟಿಕೆಟ್ ಕೊಳ್ಳುವುದಿಲ್ಲ, ನಿಜ. ಕಾವಾಕಾಮಿಯವರ ಆಟ ನೀರಸ ಎಂದು ಆ ಕಾಲದವರು ಗೊಣಗಿದ್ದೂ ಹೌದು. ಹಳೆಯ ದೃಶ್ಯಗಳನ್ನು ನೋಡಿದರೆ ನಾನೂ ಗೊಣಗುವವರ ಕಡೆಗೇ.

ಕ್ರಮ ಇದ್ದರೆ ಸಾಲದು, ಆಳುಗಳೂ ಬೇಕು. 1965ರಲ್ಲಿ ಇಬ್ಬರು ಹೊಂದಿಕೊಂಡರು. ಒಬ್ಬರು ಕೊಕುತೆತ್ಸು ತಂಡದಲ್ಲಿ 353 ಪಂದ್ಯ ಗೆದ್ದು ಬಂದ ಪಿಚರ್ ಮಸಾಇಚಿ ಕಾನೆದಾ. ಜೈಂಟ್ಸ್‌ಗೆ ಅವರು ಗೆದ್ದುಕೊಟ್ಟದ್ದು ಐದು ವರ್ಷಗಳಲ್ಲಿ 47 ಪಂದ್ಯ, ಅಂಥ ದೊಡ್ಡ ಸಂಖ್ಯೆಯೇನಲ್ಲ. ಆದರೆ ಓಡುವುದರಲ್ಲಿ, ಊಟದಲ್ಲಿ, ಮೈ ಕಾಪಾಡಿಕೊಳ್ಳುವುದರಲ್ಲಿ ಅವರ ಕಟ್ಟುನಿಟ್ಟು ಕಿರಿಯರಿಗೆ ಪಾಠವಾಯಿತು. ಇನ್ನೊಬ್ಬರು ಯುಕಿನೊರಿ ಮಿಯಾತಾ. ರಾತ್ರಿ ಪಂದ್ಯಗಳಲ್ಲಿ ಎಂಟೂವರೆಯ ಸುಮಾರಿಗೆ, ಮೊದಲ ಪಿಚರ್ ದಣಿದಾಗ ಬರುತ್ತಿದ್ದರು. ಹಾಗಾಗಿ ‘ಎಂಟೂವರೆಯ ಮನುಷ್ಯ’ ಎಂಬ ಹೆಸರೇ ಬಿತ್ತು. ಕೊನೆಯ ಇನ್ನಿಂಗ್ಸ್‌ಗಳಿಗೆಂದೇ ಒಬ್ಬ ಪಿಚರನ್ನು ಮೀಸಲಿಡುವುದು ಆಗಿನ ಜಪಾನಿನಲ್ಲಿ ರೂಢಿಯಲ್ಲಿರಲಿಲ್ಲ. ಆ ವರ್ಷ ಮಿಯಾತಾ 20 ಪಂದ್ಯ ಗೆದ್ದರು, ಸೋತದ್ದು ಐದು. ಆ ಮಟ್ಟವನ್ನು ಮತ್ತೆ ಮುಟ್ಟಲಿಲ್ಲ.

ಇವರಿಗಿಂತ ನನಗೆ ಹೆಚ್ಚು ಪ್ರಿಯರು, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಮಸಾಆಕಿ ಮೋರಿ. ಒಂಬತ್ತೂ ವರ್ಷ ತಂಡದ ಚುಕ್ಕಾಣಿ ಅವರ ಕೈಯಲ್ಲಿತ್ತು. ಕಾವಾಕಾಮಿ ಮತ್ತೆ ಮತ್ತೆ ಹೊಸ ಕ್ಯಾಚರುಗಳನ್ನು ತಂದು ಅವರ ಎದುರಿಗೆ ಪೈಪೋಟಿಗೆ ನಿಲ್ಲಿಸುತ್ತಿದ್ದರು, ಮೋರಿ ಜಾಗ ಬಿಟ್ಟುಕೊಡುತ್ತಿರಲಿಲ್ಲ. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

ದುಡ್ಡಿನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಪತ್ರಿಕೆಯೂ ಟಿವಿ ವಾಹಿನಿಯೂ ಒಂದೇ ಬಳಗದವು. ಜೈಂಟ್ಸ್ ಪಂದ್ಯ ದೇಶದ ಮನೆಮನೆಗೂ ತಲುಪುತ್ತಿತ್ತು, ಹುಡುಗರೆಲ್ಲ ಅಲ್ಲಿಗೇ ಸೇರಲು ಬಯಸುತ್ತಿದ್ದರು. ಹೊಸ ಆಟಗಾರರನ್ನು ಸರದಿಯಂತೆ ಹಂಚುವ ಡ್ರಾಫ್ಟ್ ಪದ್ಧತಿ ಶುರುವಾದದ್ದು 1965ರ ನವೆಂಬರಿನಲ್ಲಿ. ಅಷ್ಟು ಹೊತ್ತಿಗೆ ಓ, ನಾಗಾಶಿಮಾ, ಮೋರಿ, ಶಿಬಾತಾ, ದೋಯ್, ಕುರೊಯೆ ಎಲ್ಲರೂ ಒಳಗಿದ್ದರು. ಕಣಜ ತುಂಬಿದ ಮೇಲೆ ಬಾಗಿಲು ಮುಚ್ಚಿದಂತಾಯಿತು. ಮುಂದೆ ತಂಡದ ಮುಖ್ಯ ಪಿಚರ್ ಆದ ತ್ಸುನೆಯೊ ಹೊರಿಯುಚಿ ಆ ಮೊದಲ ಡ್ರಾಫ್ಟ್‌ನಲ್ಲೇ ಸಿಕ್ಕರು, ಅದು ಅದೃಷ್ಟ. ಡ್ರಾಫ್ಟ್ ಹತ್ತು ವರ್ಷ ಮೊದಲೇ ಬಂದಿದ್ದರೆ ಒಂಬತ್ತು ಕಿರೀಟಗಳ ಮಾತೇ ಇರುತ್ತಿರಲಿಲ್ಲ.

ವಿದೇಶಿ ಆಟಗಾರರಿಲ್ಲದೆ ಗೆದ್ದ ಅಪ್ಪಟ ಜಪಾನಿ ತಂಡವೆಂಬ ಹೆಮ್ಮೆಯೂ ಆ ಕಾಲಕ್ಕಿತ್ತು. ಓ ಅವರ ತಂದೆ ಚೀನಾದಿಂದ ಬಂದವರು. ಓ ಹೊಂದಿದ್ದದ್ದು ಚೀನಾ ಗಣರಾಜ್ಯದ ಪೌರತ್ವ. ಅದೇ ಕಾರಣಕ್ಕೆ ಹೈಸ್ಕೂಲಿನಲ್ಲಿದ್ದಾಗ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಅವರಿಗೆ ಆಡಲು ಬಿಟ್ಟಿರಲಿಲ್ಲ. ಕಾನೆದಾ ಕೊರಿಯಾ ಮೂಲದವರು. ಹೆಮ್ಮೆ ಪಟ್ಟವರು ಇದನ್ನೆಲ್ಲ ಎಲ್ಲಿಟ್ಟಿದ್ದರೋ.

ಅಂಪೈರುಗಳು ಜೈಂಟ್ಸ್ ಕಡೆಗಿದ್ದರು ಎಂಬ ದೂರನ್ನೂ ಕೆಲವರು ತರುತ್ತಾರೆ. ಎರಡು ಲೀಗ್‌ಗಳ ವಿಜೇತರು ಏಳು ಪಂದ್ಯಗಳವರೆಗೆ ಸೆಣಸುವ ಜಪಾನ್ ಸರಣಿಯ 1969ರ ನಾಲ್ಕನೆಯ ಪಂದ್ಯ ಈ ದೂರಿನ ಮೂಲ. ಮೂರನೆಯ ಬೇಸ್‌ನಿಂದ ದೋಯ್ ಹೋಮ್‌ಗೆ ನುಗ್ಗಿದರು. ಹಾಂಕ್ಯು ಬ್ರೇವ್ಸ್‌ನ ಕ್ಯಾಚರ್ ಒಕಾಮುರಾ ಅವರನ್ನು ಅಡ್ಡಗಟ್ಟಿ ಕೆಡವಿದರು. ಎಲ್ಲರ ಕಣ್ಣಿಗೂ ಔಟ್. ಅಂಪೈರ್ ಒಕಾದಾ ಸೇಫ್ ಎಂದರು. ಒಕಾಮುರಾ ಸಿಟ್ಟಿನಲ್ಲಿ ಅಂಪೈರಿಗೇ ಹೊಡೆದು, ಈ ಸರಣಿಯಲ್ಲಿ ಮೈದಾನದಿಂದ ಹೊರಹಾಕಿಸಿಕೊಂಡ ಮೊದಲ ಆಟಗಾರರಾದರು. ಮರುದಿನ ಪತ್ರಿಕೆಯಲ್ಲಿ ಫೋಟೊ ಬಂತು: ಕ್ಯಾಚರನ ಕಾಲುಗಳ ನಡುವೆ ತೂರಿದ ದೋಯ್ ಪಾದ ಹೋಮ್ ಪ್ಲೇಟಿನ ಮೇಲೆ ಸ್ಪಷ್ಟವಾಗಿ ಊರಿತ್ತು. ಬೀಳುತ್ತಲೇ ಒಂದು ಪಾದಕ್ಕೆ ಸಂದು ಹುಡುಕುವುದೂ ಆ ನೀರಸ ಅಭ್ಯಾಸದ ಫಲವೇ ಎಂದು ನನ್ನ ನಂಬಿಕೆ.

ತಾರೆಯರಿಗೆ ಲೆಕ್ಕವೇ ಇಲ್ಲವೆಂದು ನಾನು ಹೇಳಿದರೆ 1971ರ ಅಕ್ಟೋಬರ್ 15 ನನ್ನನ್ನು ಸುಳ್ಳುಗಾರನನ್ನಾಗಿಸುತ್ತದೆ. ಸರಣಿ ಒಂದೊಂದರ ಸಮ. ಕೋರಾಕುಯೆನ್ ಮೈದಾನದಲ್ಲಿ ಮೂರನೆಯ ಪಂದ್ಯ. ಹಾಂಕ್ಯುವಿನ 23ರ ಹರೆಯದ ಹಿಸಾಶಿ ಯಮಾದಾ ನೆಲಕ್ಕೆ ತಾಗುವಷ್ಟು ಕೆಳಗಿನಿಂದ ಚೆಂಡೆಸೆದು ಜೈಂಟ್ಸ್‌ಗೆ ಒಂದೂ ರನ್ ಕೊಟ್ಟಿರಲಿಲ್ಲ. 1–0, ಒಂಬತ್ತನೆಯ ಇನ್ನಿಂಗ್ಸ್, ಇಬ್ಬರು ಔಟ್, ಬೇಸ್‌ನಲ್ಲಿ ಆಗಲೇ ಜೈಂಟ್ಸ್‌ನ ಒಬ್ಬ ಓಟಗಾರ. ನಾಗಾಶಿಮಾ ಹೊಡೆದ ಸಾಧಾರಣ ಚೆಂಡು ಶಾರ್ಟ್‌ಸ್ಟಾಪಿನ ಪಕ್ಕದಿಂದ ನುಸುಳಿತು. ಮುಂದಿನ ಬ್ಯಾಟರ್ ಓ. ಒಂದು ಕಾಲೆತ್ತಿ ನಿಂತು ಅವರು ಬೀಸಿದ ಚೆಂಡು ಬಲಗಡೆಯ ಪ್ರೇಕ್ಷಕರ ನಡುವೆ ಬಿತ್ತು; 3–1. ಯಮಾದಾ ಪಿಚರ್ ದಿಬ್ಬದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತವರು ಏಳಲೇ ಇಲ್ಲ. ವ್ಯವಸ್ಥಾಪಕ ಯುಕಿಯೊ ನಿಶಿಮೊತೊ ತಾವೇ ನಡೆದುಬಂದು ಕರೆದೊಯ್ದರು. ನಿಶಿಮೊತೊ ಎಂಟು ಬಾರಿ ಜಪಾನ್ ಸರಣಿಗೆ ಬಂದು ಎಂಟು ಬಾರಿಯೂ ಸೋತವರು, ಅದರಲ್ಲಿ ಐದು ಸಲ ಕಾವಾಕಾಮಿಯವರ ಕೈಯಲ್ಲೇ. ಆ ಮುಂದೆ ಹಾಂಕ್ಯು ಒಂದೂ ಪಂದ್ಯ ಗೆಲ್ಲದೆ 4–1ರಿಂದ ಸೋತಿತು. ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ಜೈಂಟ್ಸ್ ಏಳನೆಯ ಪಂದ್ಯದವರೆಗೆ ಹೋಗಬೇಕಾಗಿ ಬರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

1973ರ ಹೊತ್ತಿಗೆ ಬಂಡಿ ಏದುಸಿರು ಬಿಡುತ್ತಿತ್ತು. 66 ಗೆಲುವು, 60 ಸೋಲು. ಲೀಗ್ ಯಾರದು ಎಂದು ತೀರ್ಮಾನವಾದದ್ದು ಕೋಶಿಯೆನ್‌ನಲ್ಲಿ, ಹಾನ್ಶಿನ್ ಟೈಗರ್ಸ್ ವಿರುದ್ಧ, ಕೊನೆಯ ದಿನ. ಜೈಂಟ್ಸ್ 9–0ರಿಂದ ಗೆದ್ದಾಗ ರೊಚ್ಚಿಗೆದ್ದ ಜನ ಮೈದಾನಕ್ಕೆ ನುಗ್ಗಿದರು. ಗೆದ್ದ ವ್ಯವಸ್ಥಾಪಕರನ್ನು ಅಲ್ಲೇ ಎತ್ತಿ ತೂರಿ ಹಿಡಿಯುವ ಸಂಭ್ರಮಕ್ಕೂ ಅವಕಾಶವಾಗಲಿಲ್ಲ. ಬೆರಳು ಮುರಿದುಕೊಂಡಿದ್ದ ನಾಗಾಶಿಮಾ ಜಪಾನ್ ಸರಣಿಯಲ್ಲಿ ಆಡಲೇ ಇಲ್ಲ, ಆದರೂ ನಾಂಕಾಯ್ ಹಾಕ್ಸ್ ವಿರುದ್ಧ ತಂಡ 4–1ರಿಂದ ಗೆದ್ದಿತು. ಮರುವರ್ಷ ಲೀಗ್ ಚೂನಿಚಿಯ ಪಾಲಾಯಿತು. ಅದೇ 1974ರಲ್ಲೇ ನಮ್ಮಲ್ಲೂ, ಹದಿನೈದು ವರ್ಷ ರಣಜಿ ಟ್ರೋಫಿ ಬಿಟ್ಟುಕೊಡದ ಬಾಂಬೆಯನ್ನು ಪ್ರಸನ್ನ ನಾಯಕತ್ವದ ಕರ್ನಾಟಕ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ತಡೆದು ನಿಲ್ಲಿಸಿತ್ತು. ಕಾಕತಾಳೀಯ, ಅಷ್ಟೇ, ಆದರೆ ನನಗೆ ಇಷ್ಟವಾದ ಕಾಕತಾಳೀಯ.

ನಾಗಾಶಿಮಾ ನಿವೃತ್ತರಾಗಿ, ಕಾವಾಕಾಮಿಯವರು ಬಿಟ್ಟ ಕುರ್ಚಿಯಲ್ಲಿ ಕುಳಿತರು. 1975ರಲ್ಲಿ ತಂಡ ತನ್ನ ಚರಿತ್ರೆಯಲ್ಲಿ ಮೊದಲ ಸಲ ಕೊನೆಯ ಸ್ಥಾನಕ್ಕೆ ಇಳಿಯಿತು. ಓ ಆಗಲೂ ಆಡುತ್ತಿದ್ದರು.

ಇಷ್ಟಾದರೂ ಒಪ್ಪದವರಿಗೆ 1987ರ ಜಪಾನ್ ಸರಣಿಯನ್ನು ತೋರಿಸುತ್ತೇನೆ. ಜೈಂಟ್ಸ್ ವ್ಯವಸ್ಥಾಪಕರು ಸ್ವತಃ ಓ. ಎದುರಿಗೆ ಸೈಬು ಲಯನ್ಸ್, ಅದರ ವ್ಯವಸ್ಥಾಪಕರು ಆ ಹಳೆಯ ಕ್ಯಾಚರ್ ಮೋರಿ. ಆರನೆಯ ಪಂದ್ಯದ ಎಂಟನೆಯ ಇನ್ನಿಂಗ್ಸ್. ಸೈಬುವಿನ ತ್ಸುಜಿ ಮೊದಲ ಬೇಸ್‌ನಲ್ಲಿದ್ದರು, ಅಕಿಯಾಮಾ ಮಧ್ಯಕ್ಕೆ ಸಾಮಾನ್ಯವಾದ ಒಂದು ಹೊಡೆತ ಹೊಡೆದರು. ಓಟಗಾರ ಹೆಚ್ಚೆಂದರೆ ಮೂರನೆಯ ಬೇಸ್ ಮುಟ್ಟಬೇಕು. ಆದರೆ ಅಲ್ಲಿ ನಿಂತಿದ್ದ ಜೈಂಟ್ಸ್‌ನ ಫೀಲ್ಡರ್ ಕ್ರೊಮಾರ್ಟಿ ಚೆಂಡನ್ನು ಮೆತ್ತಗೆ ಎಸೆಯುತ್ತಾರೆ ಎಂಬುದನ್ನು ಸೈಬು ಮೊದಲೇ ಗಮನಿಸಿಟ್ಟಿತ್ತು. ಚೆಂಡು ಪಡೆದ ಶಾರ್ಟ್‌ಸ್ಟಾಪ್ ಹೋಮ್ ಕಡೆ ನೋಡಲಿಲ್ಲ. ತ್ಸುಜಿ ನಿಲ್ಲದೆ ಓಡಿ ಹೋಮ್ ಮುಟ್ಟಿದರು. ಸೈಬು ಪಂದ್ಯವನ್ನು 3–1ರಿಂದ, ಸರಣಿಯನ್ನು 4–2ರಿಂದ ಗೆದ್ದಿತು. ಮೋರಿ ಒಂಬತ್ತು ವರ್ಷ ಸೈಬುವನ್ನು ನಡೆಸಿ ಎಂಟು ಲೀಗ್ ಪ್ರಶಸ್ತಿ, ಆರು ಜಪಾನ್ ಸರಣಿ ಗೆದ್ದರು. 1990ರಲ್ಲಿ ಜೈಂಟ್ಸ್ ಮತ್ತೆ ಎದುರಾದಾಗ ಫಲಿತಾಂಶ 4–0.