ಪಂಚನಾಮೆಯಲ್ಲಿ ‘ಖಾಲಿ’ ಎಂದು ಬರೆದದ್ದು

ಸರ್ವೇಯರ್ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಆಯಿತು. ಎರಡನೇ ವರ್ಷದಲ್ಲಿ ಯಾದಗಿರಿ ಕಡೆಯ ಒಂದು ಹಳ್ಳಿಯಲ್ಲಿ ಮಾಡಿದ ತಪ್ಪು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಹೊಸ ಜೈಲಿಗೆ ಜಾಗ ನೋಡುತ್ತಿದ್ದರು. ಒಂದೇ ತುಂಡಿನಲ್ಲಿ ನಲವತ್ತು ಎಕರೆ ಬೇಕಿತ್ತು. ಪಟ್ಟಣದ ಹತ್ತಿರ ಅಷ್ಟು ಜಾಗ ಇಲ್ಲ, ಇದ್ದರೂ ಪ್ಲಾಟಿನ ರೇಟು. ಈ ಹಳ್ಳಿಯಲ್ಲಿ ಗಾಯರಾಣ, ಅಂದರೆ ಊರ ದನಕರು ಮೇಯಲು ಬಿಟ್ಟ ಗೋಮಾಳ ಇತ್ತು. ಪಹಣಿಯಲ್ಲಿ ಮಾಲೀಕ ಸರ್ಕಾರವೇ. ರೈತರ ಹೊಲ ತೆಗೆದುಕೊಳ್ಳಬೇಕಾದರೆ 2013ರ ಭೂಸ್ವಾಧೀನ ಕಾಯ್ದೆ ಅಡ್ಡ ಬರುತ್ತದೆ: ಸಾಮಾಜಿಕ ಪರಿಣಾಮದ ಅಧ್ಯಯನ, ಪರಿಹಾರ, ಪುನರ್ವಸತಿ. ಗಾಯರಾಣಕ್ಕೆ ಅದ್ಯಾವುದೂ ಬೇಡ, ಒಂದು ಇಲಾಖೆಯಿಂದ ಇನ್ನೊಂದಕ್ಕೆ ಫೈಲು ಹೋದರೆ ಮುಗಿಯಿತು. ಜೈಲು ಹಳ್ಳಿಗೆ ಯಾಕೆ ಬರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಮೇ ತಿಂಗಳ ನಡು ಮಧ್ಯಾಹ್ನ ಅಳತೆಗೆ ಹೋಗಿದ್ದೆ. ಕಲ್ಲು, ಜಾಲಿ ಗಿಡ, ಬಿಸಿಲು. ನರಪಿಳ್ಳೆ ಇರಲಿಲ್ಲ. ಪಂಚನಾಮೆಯಲ್ಲಿ ‘ಜಮೀನು ಖಾಲಿ ಇದೆ, ಸಾಗುವಳಿ ಇಲ್ಲ’ ಎಂದು ಬರೆದು, ಚಹಾ ಹೋಟೆಲಿನಲ್ಲಿ ಕೂತಿದ್ದ ಇಬ್ಬರನ್ನು ಪಂಚರು, ಅಂದರೆ ಸಾಕ್ಷಿಗಳು ಎಂದು ಸಹಿ ಹಾಕಿಸಿಕೊಂಡು ಬಂದೆ. ಇಬ್ಬರಿಗೂ ದನ ಇರಲಿಲ್ಲ. ಅದನ್ನು ನಾನು ಕೇಳಿರಲೂ ಇಲ್ಲ.

ಆಗಸ್ಟಿನಲ್ಲಿ ಗಡಿಕಲ್ಲು ನೋಡಲು ಮತ್ತೆ ಹೋದಾಗ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ತಗ್ಗಿನಲ್ಲಿ ನೀರು ನಿಂತು ಹೊಂಡ ಆಗಿತ್ತು, ಸುತ್ತ ಇನ್ನೂರರಷ್ಟು ಕುರಿ. ಬಂಡೆಯ ಮೇಲೆ ಸಾಲಾಗಿ ಸಗಣಿಯ ಕುಳ್ಳು ತಟ್ಟಿದ್ದರು, ಒಂದೊಂದರ ಮೇಲೂ ಐದು ಬೆರಳಿನ ಗುರುತು. ಕುರಿ ಕಾಯುತ್ತಿದ್ದ ಮುದುಕಿ ನನ್ನ ಕೈಯಲ್ಲಿನ ನಕ್ಷೆ ನೋಡಿ ಕೇಳಿದಳು:

“ಯಪ್ಪಾ, ಇದು ಖಾಲಿ ಅದ ಅಂತ ಬರದೀರಂತಲ್ಲ. ನಮ್ಮ ಕುರಿ ಏನು ಗಾಳಿ ತಿಂದು ಬದುಕ್ಯಾವೇನು?”

“ಬ್ಯಾಸಗ್ಯಾಗ ಬಂದಿದ್ದೆ, ಯಮ್ಮಾ” ಎಂದೆ. ಅದಕ್ಕಿಂತ ಹೆಚ್ಚು ಏನೂ ಹೇಳಲು ನನ್ನ ಬಳಿ ಇರಲಿಲ್ಲ.

ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ 30 ಎಕರೆ ಮೇವಿನ ಜಾಗ ಬಿಡಬೇಕು ಎಂದು ಕರ್ನಾಟಕ ಭೂಕಂದಾಯ ನಿಯಮಗಳಲ್ಲೇ ಇದೆ. ಆ ಊರಿನ ದನಗಣತಿ ತೆಗೆಸಿ ನೋಡಿ ಎಂದು ನಾನೇ ವರದಿಯಲ್ಲಿ ಬರೆಯಬಹುದಿತ್ತು. ಎರಡನೇ ವರದಿ ಕೊಟ್ಟೆ. ಅಷ್ಟರಲ್ಲಿ ಮೊದಲನೆಯದು ಮೇಲಿನ ಟೇಬಲ್ ದಾಟಿತ್ತು, ತಂತಿಬೇಲಿಯೂ ಬಿತ್ತು.

ಊರಿನ ಹುಡುಗರು ವಿರೋಧ ಮಾಡಲಿಲ್ಲ, ಅದೂ ನಿಜ. ಜೈಲು ಬಂದರೆ ನೌಕರಿ ಬರುತ್ತದೆ ಎಂಬ ಆಸೆ. ಆದರೆ ಜೈಲು ಕಾಯುವ ವಾರ್ಡರ್ ಹುದ್ದೆಗೆ ನೇಮಕಾತಿ ರಾಜ್ಯಮಟ್ಟದಲ್ಲಿ ಆಗುತ್ತದೆ. ಜಾಗ ಕೊಟ್ಟ ಊರು ಎಂದು ಅಲ್ಲಿ ಯಾರೂ ನೋಡುವುದಿಲ್ಲ. ಊರಿಗೆ ಸಿಗುವುದು ಕಟ್ಟುವ ಕಾಲದ ಕೂಲಿ, ಆಮೇಲೆ ಗೇಟಿನ ಮುಂದೆ ಒಂದೆರಡು ಚಹಾ ಅಂಗಡಿ. ಅಮೆರಿಕದಲ್ಲಿ 1990ರ ದಶಕದಲ್ಲಿ ಹಳ್ಳಿಗಾಡಿನ ಭಾಗಗಳಲ್ಲೇ 245 ಜೈಲು ತೆರೆದವು ಎಂದು ಓದಿದಾಗ ಇದೇ ಹುಡುಗರು ನೆನಪಾದರು. ಗಣಿ ಮುಚ್ಚಿದ, ಒಕ್ಕಲುತನ ಕೈಕೊಟ್ಟ ಎಷ್ಟೋ ಊರುಗಳು ಅಲ್ಲಿ ತಾವಾಗಿಯೇ ಜೈಲು ಕೇಳಿದವು. ಎಷ್ಟೋ ಕಡೆ ನೌಕರಿ ಹೊರಗಿನವರ ಪಾಲಾಯಿತು.

ಒಳಗಿರುವವರ ಮನೆಯವರ ಪಾಡನ್ನಂತೂ ಜಾಗ ನೋಡುವಾಗ ಯಾರೂ ಎತ್ತುವುದಿಲ್ಲ. ನಮ್ಮ ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು, ಶಿಕ್ಷೆ ಆದವರಲ್ಲ. ದಿನಕ್ಕೆ ಎರಡೇ ಬಸ್ಸು ಇರುವ ಊರಿಗೆ ಮುಲಾಖಾತ್‌ಗೆ ಬರಬೇಕಾದ ತಾಯಿಗೆ ಒಂದು ದಿನದ ಕೂಲಿ ಹೋಗುತ್ತದೆ.

ಈಗ ಯಾವ ಗಾಯರಾಣ ಅಳೆಯಬೇಕಾದರೂ ಬೆಳಿಗ್ಗೆ ಒಮ್ಮೆ, ದನ ಮರಳುವ ಹೊತ್ತಿಗೆ ಇನ್ನೊಮ್ಮೆ ಹೋಗುತ್ತೇನೆ. ಕುರಿ ದಾರಿ, ಹೊಂಡ, ಕುಳ್ಳು ತಟ್ಟುವ ಬಂಡೆ ಎಲ್ಲವನ್ನೂ ನಕ್ಷೆಯಲ್ಲಿ ಗುರುತು ಹಾಕುತ್ತೇನೆ. ಪಂಚರ ಸಹಿಯನ್ನು ಅಲ್ಲಿ ಮೇಯಿಸುವವರಿಂದಲೇ ತೆಗೆದುಕೊಳ್ಳುತ್ತೇನೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ.