ಎರಕ ಹೊಯ್ಯುವ ಮೊದಲು ಗೊಂಬೆಯನ್ನು ನೋಡಿ

ನವರಾತ್ರಿ ಹತ್ತಿರ ಬಂತೆಂದರೆ ನನಗೆ ಬರುವ ಕೆಲಸ ಹೆಚ್ಚಾಗಿ ಒಂದೇ ಬಗೆಯದು. ಒಂದೇ ರೂಪದ ಜೋಡಿ ಗೊಂಬೆಯಲ್ಲಿ ಒಂದು ಒಡೆದಿರುತ್ತದೆ. ಉಳಿದದ್ದರ ಅಚ್ಚು ತೆಗೆದು, ಹೊಯ್ದ ಮೇಲೆ ಪ್ಲಾಸ್ಟಿಕ್‌ನಂತೆ ಗಟ್ಟಿಯಾಗುವ ರೆಸಿನ್‌ನಲ್ಲಿ ಮಾಡಿಕೊಡಿ ಅನ್ನುತ್ತಾರೆ. ಮನೆಯಲ್ಲೇ ಈ ಕೆಲಸ ಶುರು ಮಾಡುವವರು ಯಾವ ರೆಸಿನ್ ಒಳ್ಳೆಯದು ಅಂತ ಕೇಳುತ್ತಾರೆ. ರೆಸಿನ್ ಕೆಟ್ಟರೆ ಇನ್ನೊಮ್ಮೆ ಹೊಯ್ಯಬಹುದು. ಅಜ್ಜಿ ಕಾಲದ ಮಣ್ಣಿನ ಗೊಂಬೆ ಕೆಟ್ಟರೆ ಮುಗಿಯಿತು. ನಾನು ಕೆಲಸದ ಕ್ರಮ ಹಾಕಿಕೊಂಡಿರುವುದೇ ಇದನ್ನು ನೋಡಿಕೊಂಡು.

ಅಚ್ಚು ತೆಗೆಯುವುದು ಹೊಯ್ದ ಮೇಲೆ ರಬ್ಬರಿನಂತಾಗುವ ಸಿಲಿಕೋನ್‌ನಿಂದ. ಸುಟ್ಟ ಮಣ್ಣು ಎಣ್ಣೆ ಹೀರುತ್ತದೆ. ಸಿಲಿಕೋನ್‌ನ ಎಣ್ಣೆಯಂಶ ಅಲ್ಲಿ ಕಲೆ ಮಾಡಬಹುದು, ಸಡಿಲವಾದ ಬಣ್ಣ ಅಚ್ಚಿಗೆ ಅಂಟಿಕೊಂಡು ಎದ್ದು ಬರಬಹುದು. ಅದಕ್ಕೇ ಪೀಠದ ತಳದಲ್ಲಿ, ಕಣ್ಣಿಗೆ ಬೀಳದ ಕಡೆ, ಚೂರೇ ಚೂರು ಸಿಲಿಕೋನ್ ಹಚ್ಚಿ ಮರುದಿನ ಬಿಡಿಸಿ ನೋಡುತ್ತೇನೆ. ಬಣ್ಣ ಎದ್ದರೆ ಆ ಕೆಲಸ ಒಪ್ಪಿಕೊಳ್ಳುವುದಿಲ್ಲ, ಗಿರಾಕಿ ಎಷ್ಟೇ ಒತ್ತಾಯ ಮಾಡಲಿ. ಬರೀ ಮಣ್ಣು ಕಾಣುವ ಕಡೆ ಮನೆಯವರನ್ನು ಕೇಳಿಯೇ ತೆಳುವಾಗಿ ಶೆಲ್ಲಾಕ್ (ಅರಗಿನ ವಾರ್ನಿಷ್) ಹಚ್ಚುತ್ತೇನೆ.

ಗಟ್ಟಿಯಾಗಿಸುವ ವಸ್ತುವಿನ ಮೇಲೆ ಸಿಲಿಕೋನ್‌ನಲ್ಲಿ ಪ್ಲಾಟಿನಂ, ಟಿನ್ ಎಂದು ಎರಡು ಬಗೆ. ಪ್ಲಾಟಿನಂ ಸಿಲಿಕೋನ್‌ಗೆ ಗಂಧಕ ಆಗಿಬರುವುದಿಲ್ಲ. ಗಂಧಕ ಸೇರಿದ ಕ್ಲೇ (ಗೊಂಬೆ ಕೂರಿಸಲು ಬಳಸುವ ಮೆತ್ತನೆಯ ಮಣ್ಣು) ಅಥವಾ ಲೇಟೆಕ್ಸ್ ಗ್ಲೌಸ್ ತಾಗಿದ ಕಡೆ ಅದು ಗಟ್ಟಿಯಾಗದೆ ಜಿಗುಟಾಗಿಯೇ ಉಳಿದು ಗೊಂಬೆಯ ಸೀರೆ ಮಡಿಕೆಗಳಲ್ಲಿ ಮೆತ್ತಿಕೊಳ್ಳುತ್ತದೆ. ನೈಟ್ರೈಲ್ ಗ್ಲೌಸ್, ಗಂಧಕವಿಲ್ಲದ ಕ್ಲೇ ಇದ್ದರೇ ಕೈ ಹಚ್ಚಿ. ಟಿನ್ ಸಿಲಿಕೋನ್‌ನಲ್ಲಿ ಈ ತಕರಾರು ಕಡಿಮೆ, ಅಗ್ಗವೂ ಹೌದು. ಆದರೆ ದಿನ ಕಳೆದಂತೆ ಅಚ್ಚು ಸ್ವಲ್ಪ ಕುಗ್ಗುತ್ತದೆ.

ಹಳೆಯ ಗೊಂಬೆಯ ಹತ್ತಿರ ಬ್ಲೇಡ್ ಸುಳಿಯಬಾರದು. ಹಾಗಾಗಿ ಅಚ್ಚು ಕುಯ್ದು ಬಿಡಿಸುವ ದಾರಿ ನನಗಿಲ್ಲ, ಎರಡು ಹೋಳಿನ ಅಚ್ಚೇ ಆಗಬೇಕು. ಗೊಂಬೆಯನ್ನು ಅರ್ಧದವರೆಗೆ ಕ್ಲೇಯಲ್ಲಿ ಕೂರಿಸಿ, ಸುತ್ತ ಪೆನ್ನಿನ ಹಿಂಬದಿಯಿಂದ ಗುಳಿ ಒತ್ತುತ್ತೇನೆ. ಹೋಳುಗಳು ಸರಿಯಾಗಿ ಕೂರುವುದು ಅದರಿಂದಲೇ. ಸೊಂಟಕ್ಕೂ ಕೈಗೂ ನಡುವಿನ ಸಂದನ್ನು ಕ್ಲೇಯಿಂದ ಮುಚ್ಚಿಬಿಡುತ್ತೇನೆ. ಅಲ್ಲಿ ಸಿಲಿಕೋನ್ ಹೊಕ್ಕು ಗಟ್ಟಿಯಾದರೆ ಬಿಡಿಸುವಾಗ ಕೈಯೇ ಮುರಿದೀತು. ಆ ಸಂದನ್ನು ಆಮೇಲೆ ಪ್ರತಿಯಲ್ಲಿ ಕೊರೆದುಕೊಂಡರಾಯಿತು. ಮೊದಲ ಹೋಳು ಗಟ್ಟಿಯಾದ ಮೇಲೆ ತಿರುಗಿಸಿ, ಕೂರಿಸಿದ ಕ್ಲೇ ತೆಗೆದು, ಎರಡನೆಯ ಹೋಳು ಹೊಯ್ಯುವ ಮೊದಲು ಆ ಹೋಳಿನ ಮೇಲ್ಮೈಗೆ ತೆಳುವಾಗಿ ವ್ಯಾಸಲಿನ್ ಸವರುವುದನ್ನು ಬಿಡಲೇಬೇಡಿ. ಸಿಲಿಕೋನ್ ಬೇರೆ ಹೆಚ್ಚಿನ ವಸ್ತುಗಳಿಗೆ ಸುಲಭವಾಗಿ ಅಂಟದು, ಸಿಲಿಕೋನ್‌ಗೆ ಮಾತ್ರ ಬಿಡಿಸಲಾಗದಂತೆ ಅಂಟುತ್ತದೆ. ಮೂಗು, ಬೆರಳುಗಳಿಗೆ ಮೊದಲು ಬ್ರಷ್‌ನಿಂದ ಒಂದು ಪದರ ಕೊಟ್ಟು, ಉಳಿದದ್ದನ್ನು ಗೊಂಬೆಯ ಸುತ್ತ ಇಟ್ಟ ಪೆಟ್ಟಿಗೆಯ ಒಂದೇ ಮೂಲೆಯಿಂದ ನೂಲಿನ ಎಳೆಯಂತೆ ಹೊಯ್ದರೆ ಗುಳ್ಳೆ ಕಡಿಮೆ.

ರೆಸಿನ್ ವಿಷಯ ಇಷ್ಟೇ. ಮಳೆಗಾಲದಲ್ಲಿ ಪಾಲಿಯುರೆಥೇನ್ ಎಂಬ ಬಗೆಯ ರೆಸಿನ್ ತೇವ ಕುಡಿದು ನೊರೆಯುತ್ತದೆ, ಆಗ ಎಪಾಕ್ಸಿ ಎಂಬ ಬಗೆ ವಾಸಿ. ರೆಸಿನ್‌ಗೆ ಗಟ್ಟಿಕಾರಕ ಕಲಸುವ ಪ್ರಮಾಣವಾಗಿ ಡಬ್ಬಿಯ ಮೇಲೆ ಬರೆದ 2:1 ತೂಕದ್ದೋ ಅಳತೆಯದ್ದೋ ಓದಿಕೊಳ್ಳಿ, ಎರಡೂ ಒಂದಲ್ಲ. ಒಂದೇ ಕಪ್ಪಿನಲ್ಲಿ ಹೆಚ್ಚು ಕಲಸಿಟ್ಟರೆ ಕಾದು ಹೊಗೆ ಏಳುತ್ತದೆ. ಕಿಟಕಿ ತೆರೆದಿರಲಿ, ಚರ್ಮಕ್ಕೆ ತಾಗದಿರಲಿ. ಎಪಾಕ್ಸಿಯ ಅಲರ್ಜಿ ಒಮ್ಮೆ ಬಂದರೆ ಮತ್ತೆ ಹೋಗುವುದಿಲ್ಲ.

ಪ್ರತಿಯ ತಳದಲ್ಲಿ ‘ರೆಸಿನ್’ ಎಂದೂ ಇಸವಿಯನ್ನೂ ಕೆತ್ತಿಯೇ ಕೊಡುತ್ತೇನೆ. ಬಣ್ಣ ಬಳಿದು ಪಕ್ಕಪಕ್ಕ ಕೂರಿಸಿದರೆ ವ್ಯತ್ಯಾಸ ತಿಳಿಯದು, ಆ ಮನೆಯ ಮಕ್ಕಳಿಗೆ ಹಳೆಯದು ಯಾವುದೆಂದು ಗೊತ್ತಿರಬೇಕು.