ಹೇ ಮಾವ… ತಿ

ಬಿ.ಎ. ಎರಡನೇ ವರ್ಷದಲ್ಲಿ ಐಚ್ಛಿಕ ಸಂಗೀತ ತೆಗೆದುಕೊಂಡವರು ನಾವು ಒಂಬತ್ತೇ ಜನ. ಹಾಸನದ ನಮ್ಮ ಕಾಲೇಜಿನ ಮಹಡಿಯ ಮೂಲೆಕೋಣೆ ನಮಗೆ. ಕೆಳಗಿನ ಅರ್ಥಶಾಸ್ತ್ರ ತರಗತಿಯಿಂದ ‘ಸ್ವಲ್ಪ ಮೆಲ್ಲಗೆ ಹಾಡಿ’ ಎಂಬ ಚೀಟಿ ವಾರಕ್ಕೊಮ್ಮೆಯಾದರೂ ಬರುತ್ತಿತ್ತು.

ಮೇಷ್ಟ್ರು ಕೃತಿ ರಚಿಸುತ್ತಿದ್ದರು, ನಾಟಕಗಳ ಹಾಡುಗಳಿಗೆ ರಾಗ ಹಾಕುತ್ತಿದ್ದರು. ಹಗಲೆಲ್ಲ ಮಾತ್ರ ಹಾಜರಾತಿ, ಆಂತರಿಕ ಅಂಕಪಟ್ಟಿ, ಪರೀಕ್ಷೆಯ ಕಾವಲು. ಶನಿವಾರ ಮಧ್ಯಾಹ್ನ ಧ್ವನಿಮುದ್ರಣಕ್ಕೆಂದು ಬೆಂಗಳೂರಿನ ಬಸ್ ಹತ್ತಿದರೆ ಸೋಮವಾರ ಕೆಂಪುಗಣ್ಣಿನಲ್ಲೇ ಶ್ರುತಿಪೆಟ್ಟಿಗೆ ತೆರೆಯುತ್ತಿದ್ದರು. ಬಿಡುವೆಲ್ಲಿ ಸಿಗುತ್ತದೆ ಸಾರ್ ಎಂದು ಕೇಳಿದರೆ, ‘ವಾಗ್ಗೇಯಕಾರ ಮೈಸೂರು ವಾಸುದೇವಾಚಾರ್ಯರು ಎಂಬತ್ತು ದಾಟಿದ ಮೇಲೂ ಮದರಾಸಿನ ಕಲಾಕ್ಷೇತ್ರ ಶಾಲೆಯಲ್ಲಿ ಪಾಠ ಹೇಳುತ್ತಲೇ ರಾಮಾಯಣದ ನೃತ್ಯನಾಟಕಗಳಿಗೆ ಸಂಗೀತ ಕೂಡಿಸಿದರು. ಅವರಿಗೆ ಪರೀಕ್ಷೆಯ ಕಾವಲಿರಲಿಲ್ಲ, ಅಷ್ಟೇ’ ಎನ್ನುತ್ತಿದ್ದರು.

ಒಂದು ದಿನ ಮೇಳಕರ್ತದ, ಅಂದರೆ ಎಪ್ಪತ್ತೆರಡು ಮೂಲರಾಗಗಳ ಪಟ್ಟಿಯ ಪಾಠ. 22ನೆಯ ರಾಗ ಖರಹರಪ್ರಿಯದ ‘ಮ’ ಸ್ವರವನ್ನು, ಶುದ್ಧ ಮಧ್ಯಮ ತೆಗೆದು ಅದಕ್ಕಿಂತ ಮೇಲಿನ ಪ್ರತಿಮಧ್ಯಮ ಇಟ್ಟು, ಬದಲಿಸಿ; ಸಂಖ್ಯೆಗೆ 36 ಕೂಡಿಸಿ, 58ನೆಯ ರಾಗ ಹೇಮಾವತಿ. ‘ನಮ್ಮ ಗೊರೂರಿನ ಹೊಳೆಯ ಹೆಸರು’ ಎಂದವರೇ ಜೇಬಿನಿಂದ ಮಡಿಸಿದ ಹಾಳೆ ತೆಗೆದರು. ಅದರ ಹಿಂಬದಿಯಲ್ಲಿ ನಮ್ಮದೇ ಕಿರುಪರೀಕ್ಷೆಯ ಅಂಕಗಳು. ನನ್ನ ಹೆಸರಿನ ಮುಂದೆ ಹನ್ನೊಂದು ಇದ್ದದ್ದು ಕಂಡುಬಿಟ್ಟಿತು.

ಹೊಸ ಕೃತಿ, ಏಳೆಣಿಕೆಯ ಮಿಶ್ರಛಾಪು ತಾಳ. ಪಲ್ಲವಿಯಲ್ಲಿ ‘ಹೇಮಾವ’ ಎನ್ನುವಷ್ಟರಲ್ಲಿ ಏಳೆಣಿಕೆ ಮುಗಿದು ‘ತಿ’ ತಾಳದ ಮುಂದಿನ ಸುತ್ತಿಗೆ, ಆವರ್ತಕ್ಕೆ, ಬೀಳುತ್ತಿತ್ತು. ನಾವು ಉಸಿರೆಳೆದುಕೊಂಡದ್ದೂ ಸರಿಯಾಗಿ ಅಲ್ಲೇ. ‘ಹೇ ಮಾವ!’ ಜಮಖಾನೆಯ ಹಿಂದಿನ ಸಾಲು ಮೊದಲು ನಕ್ಕಿತು, ಆಮೇಲೆ ಮೇಷ್ಟ್ರು. ಪೆನ್ನು ತೆಗೆದು ಗೀಚಿದರು. ಮರುದಿನ ಎಡುಪು, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗ, ಬದಲಾಗಿ, ಹೊಳೆಯ ಹೆಸರು ಒಂದೇ ಆವರ್ತದಲ್ಲಿ ಇಡಿಯಾಗಿ ಕುಳಿತಿತ್ತು.

ಕಾಲೇಜಿನ ಕೆಲಸ ಅವರ ರಚನೆಯನ್ನು ತಿಂದುಹಾಕಿತು ಎನ್ನುವವರಿದ್ದಾರೆ. ತಿಂದದ್ದು ನಿಜ. ಆದರೆ ಈ ಒಂಬತ್ತು ಗಂಟಲುಗಳು ಇಲ್ಲದಿದ್ದರೆ ಆ ‘ಮಾವ’ ನೇರವಾಗಿ ವೇದಿಕೆ ಹತ್ತುತ್ತಿದ್ದ!

ಚರಣದ ಹಾಳೆ ಮಾತ್ರ ಮೌಲ್ಯಮಾಪನದ ಉತ್ತರಪತ್ರಿಕೆಗಳ ಕಟ್ಟಿನೊಳಗೆ ಸೇರಿಹೋಯಿತು. ಎಷ್ಟು ಹುಡುಕಿದರೂ ಸಿಗಲಿಲ್ಲ. ನಮ್ಮನ್ನೇ ಕೂರಿಸಿ ನೆನಪಿನಿಂದ ಹಾಡಿಸಿದರು. ಮೂರನೆಯ ಸಾಲಿಗೆ ಬಂದಾಗ ನಾಲ್ವರದು ನಾಲ್ಕು ಬಗೆ. ಮೊನ್ನೆ ಸಹಪಾಠಿಯೊಬ್ಬಳ ಮಗಳ ಮದುವೆಯಲ್ಲಿ, ಬಾಳೆಲೆಯ ಮುಂದೆ ಕುಳಿತು, ಆ ಸಾಲು ಧೈವತದಲ್ಲಿ ನಿಲ್ಲುತ್ತಿತ್ತೋ ನಿಷಾದದಲ್ಲೋ ಎಂದು ಮತ್ತೆ ವಾದಕ್ಕಿಳಿದೆವು. ಹೋಳಿಗೆ ಬಡಿಸುವವನು ಎರಡು ಸಲ ಬಂದು ಹಾಗೆಯೇ ಹೋದ.